ಒಂದು ಕಾಸಿನ ಬಟ್ಟಲು: ಪ್ರಾಚೀನ ರೋಮಿನ ಗಾಜಿನ ಪಾನಪಾತ್ರೆಗಳು



ನಿಮ್ಮ ಮನೆಯಲ್ಲಿ ಗಾಜಿನ ಲೋಟವೊಂದು ಕೈಜಾರಿ ಬಿದ್ದು ಒಡೆಯಿತು ಎಂದಿಟ್ಟುಕೊಳ್ಳಿ. ಅಮ್ಮ ಮೊದಲು ‘ಜೋಕೆ, ಕಾಲಿಗೆ ಚುಚ್ಚೀತು’ ಎನ್ನುತ್ತಾರೆ. ಆಮೇಲೆ ಸ್ವಲ್ಪ ಬೈಗುಳ. ಚೂರುಗಳನ್ನು ಗುಡಿಸಿ ಹಾಕಿದರೆ ಅಲ್ಲಿಗೆ ವಿಷಯ ಮುಗಿಯಿತು. ಮಾರನೆಯ ದಿನ ಅಂಗಡಿಯಿಂದ ಇನ್ನೊಂದು ಲೋಟ ಬರುತ್ತದೆ. ಹಿತ್ತಾಳೆಯ ಚೊಂಬು ಕಳೆದರೆ ಆಗುವಷ್ಟು ವ್ಯಥೆ ಗಾಜಿನ ಲೋಟ ಒಡೆದದ್ದಕ್ಕೆ ಯಾರಿಗೂ ಆಗುವುದಿಲ್ಲ.

ಆದರೆ ಗಾಜಿನ ಬಟ್ಟಲು ಚಿನ್ನದ ಬಟ್ಟಲಿಗೆ ಸರಿಸಮನಾಗಿದ್ದ ಕಾಲವೊಂದಿತ್ತು. ಕ್ರಿ.ಪೂ. 425ರಲ್ಲಿ ಗ್ರೀಸಿನ ಅಥೆನ್ಸ್ ನಗರದಲ್ಲಿ ಅರಿಸ್ಟೋಫೆನಿಸ್ ಎಂಬ ನಾಟಕಕಾರನ ಹಾಸ್ಯನಾಟಕವೊಂದು ರಂಗವೇರಿತು. ಅದರಲ್ಲಿ ಪರ್ಷಿಯದ ಆಸ್ಥಾನಕ್ಕೆ ಹೋಗಿಬಂದ ರಾಯಭಾರಿಗಳು ತಾವು ಅಲ್ಲಿ ಪಟ್ಟ ಕಷ್ಟವನ್ನು ತೋಡಿಕೊಳ್ಳುತ್ತಾರೆ. ಏನಂಥ ಕಷ್ಟ? ಗಾಜಿನ ಬಟ್ಟಲುಗಳಲ್ಲಿಯೂ ಚಿನ್ನದ ಬಟ್ಟಲುಗಳಲ್ಲಿಯೂ ಮದ್ಯವನ್ನು ಕುಡಿಯಲೇಬೇಕಾಯಿತಂತೆ! ಈ ಮಾತಿನಲ್ಲಿ ಹಾಸ್ಯ ಹುಟ್ಟಬೇಕಾದರೆ ನೋಡುವ ಜನರಿಗೆ ಗಾಜೂ ಚಿನ್ನವೂ ಒಂದೇ ಪಂಕ್ತಿಯ ವಸ್ತುಗಳಾಗಿರಬೇಕಷ್ಟೆ.

ಸುಮಾರು ನಾನೂರು ವರ್ಷ ಮುಂದೆ ಬನ್ನಿ. ಅಗಸ್ಟಸ್ ಚಕ್ರವರ್ತಿಯ ಕಾಲದಲ್ಲಿ ಸ್ಟ್ರಾಬೊ ಎಂಬ ಭೂಗೋಳಶಾಸ್ತ್ರಜ್ಞನಿದ್ದ. ರೋಮ್ ನಗರದಲ್ಲಿ ಗಾಜಿನ ಬಟ್ಟಲೊಂದನ್ನು ಒಂದು ತಾಮ್ರದ ಕಾಸಿಗೆ ಕೊಳ್ಳಬಹುದು ಎಂದು ಅವನು ಬರೆದಿಟ್ಟಿದ್ದಾನೆ.

ಚಿನ್ನದ ಪಕ್ಕದಲ್ಲಿ ಕುಳಿತಿದ್ದ ವಸ್ತು ತಾಮ್ರದ ಕಾಸಿಗೆ ಇಳಿದದ್ದು ಹೇಗೆ? ಇಳಿಸಿದವರು ಯಾರು? ಅದರಿಂದ ಯಾರಿಗೆ ಅನುಕೂಲವಾಯಿತು, ಯಾರಿಗೆ ಭಯವಾಯಿತು? ಇಂದಿನ ಭಾಷಣದಲ್ಲಿ ಈ ಪ್ರಶ್ನೆಗಳನ್ನು ನಿಮ್ಮೊಂದಿಗೆ ವಿಚಾರ ಮಾಡಬೇಕೆಂದಿದ್ದೇನೆ.

ಮೊದಲು ಗಾಜು ಎಂದರೇನು ಎಂಬುದನ್ನು ನೋಡೋಣ. ಗಾಜಿನ ಮುಖ್ಯ ದ್ರವ್ಯ ಮರಳು. ರಸಾಯನಶಾಸ್ತ್ರದ ಮಾತಿನಲ್ಲಿ ಸಿಲಿಕ. ಶುದ್ಧ ಸಿಲಿಕ ಕರಗಬೇಕಾದರೆ ಸುಮಾರು 1,700 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಕಟ್ಟಿಗೆ ಉರಿಸುವ ಪ್ರಾಚೀನ ಕುಲುಮೆಗೆ ಅದು ಎಟುಕದ ಮಾತು. ಆದರೆ ಮರಳಿಗೆ ಸೋಡ ಬೆರೆಸಿದರೆ ಅದು ಕರಗುವ ಉಷ್ಣತೆ ಬಹಳಷ್ಟು ಇಳಿಯುತ್ತದೆ. 1,100 ಡಿಗ್ರಿಯ ಆಸುಪಾಸಿನಲ್ಲಿ ಕೆಲಸ ಸಾಗುತ್ತದೆ. ರೋಮನ್ನರ ಕಾಲದಲ್ಲಿ ಈ ಸೋಡ ದೊರೆಯುತ್ತಿದ್ದದ್ದು ಈಜಿಪ್ಟಿನಲ್ಲಿ. ಅಲ್ಲಿನ ವಾದಿ ನಟ್ರೂನ್ ಎಂಬ ತಗ್ಗಿನ ಕೆರೆಗಳು ಬಿಸಿಲಿಗೆ ಬತ್ತಿದಾಗ ನೇಟ್ರನ್ ಎಂಬ ಲವಣ ಹೆಪ್ಪುಗಟ್ಟಿ ಉಳಿಯುತ್ತದೆ. ನಮ್ಮ ಕಡೆ ಹಿಂದೆ ಬಟ್ಟೆ ಒಗೆಯಲು ಚೌಳು ಮಣ್ಣನ್ನು ಬಳಸುತ್ತಿದ್ದರಲ್ಲ, ಅದರಲ್ಲಿರುವ ಸೋಡದ ಜಾತಿಯದೇ ಇದು.

ಮರಳು ಮತ್ತು ಸೋಡ ಎರಡೇ ಇದ್ದರೆ ಸಾಲದು. ಅಂಥ ಗಾಜು ನೀರಿನಲ್ಲಿ ನಿಧಾನವಾಗಿ ಕರಗಿಹೋಗುತ್ತದೆ. ಅದಕ್ಕೆ ಸ್ಥಿರತೆ ಕೊಡಲು ಸುಣ್ಣ ಬೇಕು. ಮೆಡಿಟರೇನಿಯನ್ ಸಮುದ್ರದ ಪೂರ್ವತೀರದ ಮರಳಿನಲ್ಲಿ ಕಪ್ಪೆಚಿಪ್ಪಿನ ಪುಡಿ ತಾನೇ ಬೆರೆತಿರುವುದರಿಂದ ಸುಣ್ಣವನ್ನು ಬೇರೆಯಾಗಿ ಸೇರಿಸಬೇಕಾದ ಅಗತ್ಯವೇ ಬೀಳಲಿಲ್ಲ. ಕುಶಲಕರ್ಮಿಗೆ ಗೊತ್ತಿದ್ದದ್ದು ಇಂಥ ತೀರದ ಮರಳು ಒಳ್ಳೆಯದು ಎಂಬುದಷ್ಟೆ. ಏಕೆ ಒಳ್ಳೆಯದು ಎಂಬುದನ್ನು ರಸಾಯನಶಾಸ್ತ್ರ ಬಹಳ ಕಾಲದ ನಂತರ ಹೇಳಿತು.

ಗಾಜಿನ ಹುಟ್ಟಿನ ಬಗ್ಗೆ ರೋಮಿನ ಲೇಖಕ ಪ್ಲಿನಿ ಒಂದು ಕಥೆ ಹೇಳುತ್ತಾನೆ. ನೇಟ್ರನ್ ತುಂಬಿದ ಹಡಗಿನ ವರ್ತಕರು ಬೆಲಸ್ ಎಂಬ ನದಿ ಸಮುದ್ರ ಸೇರುವ ತೀರದಲ್ಲಿ ಅಡಿಗೆಗೆಂದು ಇಳಿದರಂತೆ. ಒಲೆಗುಂಡುಗಳಿಗೆ ಕಲ್ಲು ಸಿಗದೆ ಹಡಗಿನಿಂದ ನೇಟ್ರನ್ನಿನ ಗಟ್ಟಿಗಳನ್ನೇ ತಂದು ಪಾತ್ರೆಗೆ ಆಸರೆಯಿಟ್ಟರಂತೆ. ಬೆಂಕಿಯ ಶಾಖಕ್ಕೆ ಅದು ಮರಳಿನೊಂದಿಗೆ ಬೆರೆತು ಹೊಳೆಯುವ ದ್ರವವಾಗಿ ಹರಿಯಿತಂತೆ. ಅಡಿಗೆಯ ಒಲೆಯ ಶಾಖಕ್ಕೆ ಗಾಜು ಆಗುವುದಿಲ್ಲ. ಗಾಜು ಹುಟ್ಟಿದ್ದೂ ಅದಕ್ಕಿಂತ ಬಹಳ ಹಿಂದೆ, ಪಶ್ಚಿಮ ಏಷ್ಯದಲ್ಲಿ. ಆದರೂ ಕಥೆಯಲ್ಲಿ ಒಂದು ಸತ್ಯವಿದೆ: ಆ ತೀರದ ಮರಳು, ಈಜಿಪ್ಟಿನ ಸೋಡ, ಬೆಂಕಿ. ರೋಮನ್ ಗಾಜಿನ ಪಾಕ ಇದೇ.

ಈಗ ನಿಮಗೊಂದು ಸಣ್ಣ ಕೆಲಸ. ಬಿಡಿಯಾದ ಕಿಟಕಿಯ ಗಾಜು ಎಲ್ಲಾದರೂ ಕಂಡರೆ, ಮುಟ್ಟಲು ಹೋಗದೆ ಅದರ ಅಂಚನ್ನು ಓರೆಯಾಗಿ ನೋಡಿ. ಎದುರಿನಿಂದ ಬಣ್ಣವಿಲ್ಲದಂತೆ ಕಾಣುವ ಗಾಜು ಅಂಚಿನಲ್ಲಿ ಹಸಿರಾಗಿ ಕಾಣುತ್ತದೆ. ಮರಳಿನಲ್ಲಿರುವ ಕಬ್ಬಿಣದ ಅಂಶವೇ ಇದಕ್ಕೆ ಕಾರಣ. ರೋಮನ್ನರ ಸಾಮಾನ್ಯ ಗಾಜು ತಿಳಿ ನೀಲಿ-ಹಸಿರು ಬಣ್ಣದ್ದಾಗಿರಲು ಕಾರಣವೂ ಇದೇ. ನೀರಿನಂತೆ ನಿರ್ಮಲವಾದ ಗಾಜು ಬೇಕಾದರೆ ಮ್ಯಾಂಗನೀಸ್ ಅಥವಾ ಆಂಟಿಮನಿ ಬೆರೆಸಿ ಆ ಹಸಿರನ್ನು ಕಳೆಯುತ್ತಿದ್ದರು.

ಇನ್ನು ಪಾತ್ರೆ ಮಾಡುವ ರೀತಿ. ಗಾಜಿನ ಪಾತ್ರೆಗಳ ಕಸುಬು ಕ್ರಿ.ಪೂ. 1500ರ ಸುಮಾರಿಗಾಗಲೇ ಮೆಸೊಪೊಟೇಮಿಯ ಮತ್ತು ಈಜಿಪ್ಟುಗಳಲ್ಲಿತ್ತು. ಆದರೆ ಊದುವ ವಿದ್ಯೆ ಯಾರಿಗೂ ಹೊಳೆದಿರಲಿಲ್ಲ. ಸಣ್ಣ ಸೀಸೆ ಬೇಕಾದರೆ ಕಡ್ಡಿಯ ತುದಿಗೆ ಮಣ್ಣಿನ ತಿರುಳೊಂದನ್ನು ಮೆತ್ತಿ, ಅದರ ಮೇಲೆ ಕರಗಿದ ಗಾಜನ್ನು ಸುತ್ತಿ, ತಣಿದ ಮೇಲೆ ಒಳಗಿನ ಮಣ್ಣನ್ನು ಕೆರೆದು ತೆಗೆಯಬೇಕಿತ್ತು. ಬಟ್ಟಲು ಬೇಕಾದರೆ ಗಾಜಿನ ಬಿಲ್ಲೆಯೊಂದನ್ನು ಕಾಯಿಸಿ ಅಚ್ಚಿನ ಮೇಲೆ ಬಾಗಿಸಿ, ಬಳಿಕ ಸಾಣೆ ಹಿಡಿಯಬೇಕಿತ್ತು. ಒಂದೊಂದು ಪಾತ್ರೆಗೂ ಬಹಳ ಹೊತ್ತು, ಬಹಳ ಶ್ರಮ. ಹೀಗಾಗಿ ಗಾಜು ಉಳ್ಳವರ ಮನೆಯನ್ನು ಬಿಟ್ಟು ಹೊರಗೆ ಬರಲಿಲ್ಲ.

ಹೊಸ ದಾರಿಯ ಗುರುತು ಸಿಕ್ಕಿರುವುದು ಜೆರೂಸಲೆಮ್ ನಗರದಲ್ಲಿ. ನಾಹ್ಮನ್ ಅವಿಗಾದ್ ಎಂಬ ಪುರಾತತ್ತ್ವಜ್ಞರ ನೇತೃತ್ವದಲ್ಲಿ ಅಲ್ಲಿ ನಡೆದ ಉತ್ಖನನದಲ್ಲಿ ಗಾಜಿನ ಕಾರ್ಖಾನೆಯೊಂದರ ಕಸದ ರಾಶಿ ಹೊರಬಂತು. ಅದರ ಕಾಲ ಸುಮಾರು ಕ್ರಿ.ಪೂ. 50. ಆ ಕಸದಲ್ಲಿ ಬೆರಳಿನಷ್ಟು ಸಣ್ಣ ಗಾಜಿನ ಕೊಳವೆಗಳಿದ್ದವು. ಕೆಲವು ಕೊಳವೆಗಳ ಒಂದು ತುದಿ ಮುಚ್ಚಿ, ಅಲ್ಲಿ ಗಾಜು ಪುಟ್ಟ ಗುಳ್ಳೆಯಾಗಿ ಉಬ್ಬಿತ್ತು. ಯಾರೋ ಬಿಸಿ ಗಾಜಿನ ಕೊಳವೆಯ ಇನ್ನೊಂದು ತುದಿಯಿಂದ ಊದಿದ್ದರು! ಹೆಸರು ತಿಳಿಯದ ಆ ಕೆಲಸಗಾರ ಎಸೆದ ಕಸ ಗಾಜಿನ ಇತಿಹಾಸದ ಒಂದು ದೊಡ್ಡ ತಿರುವಿಗೆ ಸಾಕ್ಷಿಯಾಗಿ ಉಳಿದಿದೆ.

ಮುಂದೆ ಗಾಜಿನ ಕೊಳವೆಯ ಬದಲು ಉದ್ದನೆಯ ಕಬ್ಬಿಣದ ಕೊಳವೆ ಬಳಕೆಗೆ ಬಂತು. ನಮ್ಮ ಹಳ್ಳಿಯ ಅಡಿಗೆಮನೆಗಳಲ್ಲಿ ಒಲೆ ಉರಿಸಲು ಊದುಗೊಳವೆ ಇರುತ್ತಿದ್ದದ್ದು ನಿಮ್ಮಲ್ಲಿ ಕೆಲವರಿಗೆ ಗೊತ್ತು. ಹೆಚ್ಚು ಕಡಿಮೆ ಅದೇ ರೂಪ. ಅದರ ತುದಿಯನ್ನು ಕುಲುಮೆಯಲ್ಲಿ ಕರಗಿ ಜೇನಿನಂತಾದ ಗಾಜಿನಲ್ಲಿ ಅದ್ದಿ ಒಂದು ಮುದ್ದೆಯನ್ನು ಎತ್ತಿಕೊಳ್ಳಬೇಕು. ಕೊಳವೆಯನ್ನು ತಿರುಗಿಸುತ್ತಲೇ ಊದಬೇಕು. ತಿರುಗಿಸದಿದ್ದರೆ ಮುದ್ದೆ ಜೋತುಬೀಳುತ್ತದೆ. ಸೋಪಿನ ಗುಳ್ಳೆಯಂತೆ ಗಾಜು ಉಬ್ಬುತ್ತದೆ. ತಣಿಯುತ್ತ ಬಂದರೆ ಮತ್ತೆ ಬೆಂಕಿಗೆ ಹಿಡಿಯಬೇಕು. ಆಕಾರ ಬಂದ ಮೇಲೆ ಕೊಳವೆಯಿಂದ ಬಿಡಿಸಿ, ಬೆಚ್ಚಗಿನ ಗೂಡಿನಲ್ಲಿಟ್ಟು ನಿಧಾನವಾಗಿ ಆರಿಸಬೇಕು. ಅವಸರದಲ್ಲಿ ತಣಿದ ಗಾಜು ತಾನಾಗಿಯೇ ಬಿರಿಯುತ್ತದೆ. ಇಷ್ಟಾದರೂ, ಕೈ ಪಳಗಿದವನಿಗೆ ಒಂದು ಸಾದಾ ಬಟ್ಟಲನ್ನು ಊದಲು ಕೆಲವೇ ನಿಮಿಷ ಸಾಕು.

ಕ್ರಿ.ಶ. ಒಂದನೆಯ ಶತಮಾನದ ಮಣ್ಣಿನ ದೀಪವೊಂದು ಇಂದಿನ ಕ್ರೊಯೇಷಿಯದ ಅಸ್ಸೇರಿಯ ಎಂಬಲ್ಲಿ ದೊರೆತಿದೆ. ದೀಪದ ಮೇಲೆ ಒಂದು ಉಬ್ಬುಚಿತ್ರ: ಕುಲುಮೆಯ ಬಳಿ ಇಬ್ಬರು ಕೆಲಸಗಾರರು, ಅವರಲ್ಲಿ ಒಬ್ಬ ಕೊಳವೆಯನ್ನು ಬಾಯಿಗಿಟ್ಟು ಊದುತ್ತಿದ್ದಾನೆ. ಗಾಜು ಊದುವವರ ಅತ್ಯಂತ ಹಳೆಯ ಚಿತ್ರಗಳಲ್ಲಿ ಇದೂ ಒಂದು. ಹೊಸ ಕಸುಬು ಜನರ ಕಣ್ಣಿಗೆ ಎಷ್ಟು ಸೋಜಿಗವಾಗಿ ಕಂಡಿತೆಂದರೆ ಅದು ಮನೆಯ ದೀಪದ ಮೇಲಿನ ಚಿತ್ರವೂ ಆಯಿತು.

ಸಿರಿಯ, ಪ್ಯಾಲೆಸ್ಟೈನ್ ತೀರಗಳಲ್ಲಿ ಹುಟ್ಟಿದ ಈ ವಿದ್ಯೆ ಕೆಲವೇ ದಶಕಗಳಲ್ಲಿ ಇಟಲಿಗೆ, ಅಲ್ಲಿಂದ ಇಂದಿನ ಫ್ರಾನ್ಸ್, ಜರ್ಮನಿಗಳವರೆಗೆ ಹಬ್ಬಿತು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಪಾಂಪೆ ನಗರದಲ್ಲಿ ಗಾಜಿನ ಪಾತ್ರೆಗಳು ಹೇರಳವಾಗಿ ಸಿಕ್ಕಿವೆ. ಅದೇ ಅನಾಹುತದಲ್ಲಿ ಪ್ರಾಣಬಿಟ್ಟ ಪ್ಲಿನಿ, ಕುಡಿಯುವ ಪಾತ್ರೆಗಳ ವಿಷಯದಲ್ಲಿ ಗಾಜು ಚಿನ್ನ ಬೆಳ್ಳಿಗಳನ್ನು ಹಿಂದೆ ಹಾಕಿದೆ ಎಂದು ಬರೆದಿದ್ದಾನೆ. ಜನ ಗಾಜನ್ನು ಮೆಚ್ಚಲು ಅಗ್ಗವೊಂದೇ ಕಾರಣವಲ್ಲ. ಕಂಚಿನ ಬಟ್ಟಲಿನಲ್ಲಿ ಹುಳಿ ಪದಾರ್ಥ ಹಾಕಿಟ್ಟರೆ ಏನಾಗುತ್ತದೆಂದು ನಮ್ಮ ಅಜ್ಜಿಯರಿಗೆ ಚೆನ್ನಾಗಿ ಗೊತ್ತು. ಗಾಜಿಗೆ ಕಿಲುಬು ಹಿಡಿಯುವುದಿಲ್ಲ, ವಾಸನೆ ಅಂಟುವುದಿಲ್ಲ. ಒಳಗಿರುವ ಪಾನೀಯದ ಬಣ್ಣವೂ ಕಾಣುತ್ತದೆ. ಪೆಟ್ರೋನಿಯಸ್ ಎಂಬ ಲೇಖಕ ಚಿತ್ರಿಸಿದ ಟ್ರಿಮಾಲ್ಕಿಯೊ ಎಂಬ ಹೊಸ ಶ್ರೀಮಂತ ಕೂಡ ಗಾಜಿಗೆ ವಾಸನೆಯಿಲ್ಲವೆಂದು ಹೊಗಳುತ್ತಾನೆ. ಒಡೆಯದಿದ್ದರೆ ತನಗೆ ಚಿನ್ನಕ್ಕಿಂತ ಅದೇ ಇಷ್ಟ ಎನ್ನುತ್ತಾನೆ.

ಊದುವುದರ ಜೊತೆಗೆ ಅಚ್ಚೂ ಸೇರಿತು. ಕೆತ್ತನೆಯಿರುವ ಅಚ್ಚಿನೊಳಗೆ ಗಾಜಿನ ಗುಳ್ಳೆಯನ್ನು ಊದಿದರೆ ಅಚ್ಚಿನ ಚಿತ್ರವೂ ಅಕ್ಷರವೂ ಗಾಜಿನ ಮೈಮೇಲೆ ಮೂಡುತ್ತವೆ. ಈ ವಿಧಾನದ ಮೊದಲ ನಿಪುಣರಲ್ಲಿ ಒಬ್ಬ ಎನ್ನಿಯಾನ್. ಕ್ರಿ.ಶ. ಒಂದನೆಯ ಶತಮಾನದಲ್ಲಿದ್ದ ಅವನು ಇಂದಿನ ಲೆಬನಾನಿನ ಸಿಡಾನ್ ನಗರದವನಿರಬೇಕೆಂದು ವಿದ್ವಾಂಸರು ಭಾವಿಸುತ್ತಾರೆ. ಅವನ ಬಟ್ಟಲುಗಳ ಒಂದು ಬದಿಯಲ್ಲಿ ಗ್ರೀಕ್ ಭಾಷೆಯಲ್ಲಿ ‘ಎನ್ನಿಯಾನ್ ಮಾಡಿದ’ ಎಂದಿರುತ್ತದೆ. ಕೆಲವು ಬಟ್ಟಲುಗಳ ಇನ್ನೊಂದು ಬದಿಯಲ್ಲಿ ಕೊಳ್ಳುವವನ ನೆನಪು ಉಳಿಯಲಿ ಎಂಬ ಹಾರೈಕೆ. ಕೊಂಡವರ ಹೆಸರು ಇಂದು ಯಾರಿಗೂ ಗೊತ್ತಿಲ್ಲ. ಮಾಡಿದವನ ಹೆಸರು ಉಳಿದಿದೆ. ಉತ್ತರ ಇಟಲಿಯ ಅಕ್ವಿಲೇಯ ಪಟ್ಟಣದ ಸೆಂಟಿಯ ಸೆಕುಂಡ ಎಂಬ ಹೆಣ್ಣುಮಗಳ ಹೆಸರೂ ಹೀಗೆಯೇ ಸೀಸೆಗಳ ತಳದಲ್ಲಿ ಉಳಿದುಬಂದಿದೆ.

ಕ್ರೀಡೆಯ ಅಭಿಮಾನಿಗಳಾದ ನಿಮಗೆ ಇನ್ನೊಂದು ಬಟ್ಟಲು ಇಷ್ಟವಾದೀತು. ಇಂಗ್ಲೆಂಡಿನ ಕೋಲ್ಚೆಸ್ಟರಿನಲ್ಲಿ ದೊರೆತ ಅದು ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅದರ ಸುತ್ತಲೂ ನಾಲ್ಕು ಕುದುರೆಗಳ ರಥಗಳು ಓಡುತ್ತಿವೆ. ಮೇಲೆ ನಾಲ್ವರು ಸಾರಥಿಗಳ ಹೆಸರುಗಳಿವೆ: ಹಿಯೆರಾಕ್ಸ್, ಒಲಿಂಪಸ್, ಆಂಟಿಲೋಕಸ್, ಕ್ರೆಸ್ಕೆನ್ಸ್. ಮೊದಲ ಮೂವರಿಗೆ ‘ಹೋಗಿ ಬಾ’ ಎಂಬ ವಿದಾಯ. ಕ್ರೆಸ್ಕೆನ್ಸನಿಗೆ ಮಾತ್ರ ಜಯಕಾರ! ಗೆದ್ದವನು ಅವನೇ ಎಂದಾಯಿತು. ಇಂದು ಕ್ರಿಕೆಟ್ ಆಟಗಾರರ ಚಿತ್ರವಿರುವ ಲೋಟಗಳನ್ನು ಮಕ್ಕಳು ಹಟಮಾಡಿ ಕೊಳ್ಳುವುದಿಲ್ಲವೇ, ಹಾಗೆಯೇ ಇದು. ಒಂದು ಅಚ್ಚಿನಿಂದ ಅನೇಕ ಬಟ್ಟಲುಗಳನ್ನು ಊದಬಹುದಾದ್ದರಿಂದ ಚಿತ್ರವಿರುವ ಪಾತ್ರೆಯೂ ಸಾಮಾನ್ಯರ ಕೈಗೆ ಬಂತು.

ಸ್ಟ್ರಾಬೊ ಹೇಳಿದ ಅಗ್ಗದ ಮಾತಿಗೆ ಮುಂದಿನ ಕಾಲದ ಅಂಕಿಗಳ ಆಧಾರವೂ ಇದೆ. ಕ್ರಿ.ಶ. 301ರಲ್ಲಿ ಡಯೊಕ್ಲೀಷಿಯನ್ ಚಕ್ರವರ್ತಿ ಸಾಮ್ರಾಜ್ಯದಲ್ಲೆಲ್ಲ ಪದಾರ್ಥಗಳ ಬೆಲೆಗೆ ಮಿತಿ ವಿಧಿಸಿ ಶಾಸನ ಹೊರಡಿಸಿದ. ಅದರಲ್ಲಿ ಗಾಜಿನ ಬೆಲೆಯನ್ನು ತೂಕದ ಮೇಲೆ ನಿಗದಿ ಮಾಡಿದೆ. ಒಂದು ರೋಮನ್ ಪೌಂಡ್, ಅಂದರೆ ಸುಮಾರು 325 ಗ್ರಾಂ, ಹಸಿರು ಛಾಯೆಯ ಜುಡೇಯದ ಕಚ್ಚಾ ಗಾಜಿಗೆ 13 ಡಿನೇರಿಯಸ್; ಅದೇ ಗಾಜಿನ ಸಾದಾ ಬಟ್ಟಲುಗಳಿಗೆ 20. ಅಲೆಕ್ಸಾಂಡ್ರಿಯದ ಕಚ್ಚಾ ಗಾಜಿಗೆ 24. ಅದರ ಸಾದಾ ಬಟ್ಟಲುಗಳಿಗೆ 30. ಈಗ ಕಳೆಯುವ ಲೆಕ್ಕ ಮಾಡಿ. ಮೊದಲನೆಯದರಲ್ಲಿ ವ್ಯತ್ಯಾಸ 7, ಎರಡನೆಯದರಲ್ಲಿ 6. ಕುಲುಮೆಯ ಸೌದೆ, ಊದುವವನ ಕೂಲಿ, ಅಂಗಡಿಯವನ ಲಾಭ ಎಲ್ಲವೂ ಈ ಆರೇಳು ಡಿನೇರಿಯಸ್‌ಗಳಲ್ಲಿ ಅಡಗಬೇಕಿತ್ತು. ಗಾಜಿನ ಬಟ್ಟಲು ಬಡವರ ಮನೆಗೆ ಬಂದದ್ದಕ್ಕೆ ಕಾರಣ ಈ ಲೆಕ್ಕದಲ್ಲಿದೆ. ಬೆಂಕಿಯ ಮುಂದೆ ಕುಳಿತು ಊದಿದವನಿಗೆ ದಕ್ಕಿದ ಪಾಲು ಎಷ್ಟು ಕಿರಿದೆಂಬುದೂ ಅದೇ ಲೆಕ್ಕದಲ್ಲಿದೆ.

ಅಲೆಕ್ಸಾಂಡ್ರಿಯದ ಗಾಜು ಎಂದರೆ ನಿಜವಾಗಿಯೂ ಈಜಿಪ್ಟಿನದೇ, ಅಥವಾ ಬರಿಯ ಹೆಸರೇ ಎಂಬ ಚರ್ಚೆ ಬಹುಕಾಲ ನಡೆದಿತ್ತು. 2020ರಲ್ಲಿ ವಿಜ್ಞಾನಿಗಳು ಜೋರ್ಡಾನಿನ ಜೆರಾಶ್ ಎಂಬಲ್ಲಿ ಸಿಕ್ಕ ರೋಮನ್ ಗಾಜಿನ ಚೂರುಗಳಲ್ಲಿ ಹಾಫ್ನಿಯಂ ಎಂಬ ಧಾತುವಿನ ಐಸೊಟೋಪುಗಳನ್ನು ಅಳೆದರು. ಆಂಟಿಮನಿಯಿಂದ ನಿರ್ಮಲಗೊಳಿಸಿದ ಗಾಜಿನ ಮರಳು ಈಜಿಪ್ಟಿನದು ಎಂದು ಆ ಅಳತೆ ತೋರಿಸಿತು. ಸಾವಿರದ ಏಳುನೂರು ವರ್ಷ ಹಳೆಯ ಬೆಲೆಪಟ್ಟಿಯ ಮಾತಿಗೆ ಪ್ರಯೋಗಶಾಲೆ ಸಾಕ್ಷಿ ನುಡಿಯಿತು.

ಕಚ್ಚಾ ಗಾಜಿನ ವ್ಯಾಪಾರ ರೋಮನ್ ಸಾಮ್ರಾಜ್ಯದ ಗಡಿಯಲ್ಲಿ ನಿಲ್ಲಲಿಲ್ಲ. ಕ್ರಿ.ಶ. ಒಂದನೆಯ ಶತಮಾನದ ‘ಪೆರಿಪ್ಲಸ್’ ಎಂಬ ಗ್ರೀಕ್ ನಾವಿಕರ ಕೈಪಿಡಿಯಲ್ಲಿ, ಗುಜರಾತಿನ ಭರೂಚ್ ಹಾಗೂ ಮಲಬಾರಿನ ಮುಜಿರಿಸ್ ಬಂದರುಗಳಿಗೆ ಬರುತ್ತಿದ್ದ ಸರಕುಗಳ ಪಟ್ಟಿಯಲ್ಲಿ ಕಚ್ಚಾ ಗಾಜೂ ಸೇರಿದೆ. ಕೇರಳದ ಪಟ್ಟಣಂ ಎಂಬಲ್ಲಿ 2007ರಿಂದ ಆರಂಭವಾದ ಉತ್ಖನನಗಳಲ್ಲಿ, ಮೈಮೇಲೆ ಏಣುಗೆರೆಗಳಿರುವ ರೋಮನ್ ಗಾಜಿನ ಬಟ್ಟಲುಗಳ ಚೂರುಗಳು ಸಿಕ್ಕಿವೆ. ಅಫ್ಘಾನಿಸ್ತಾನದ ಬೆಗ್ರಾಂನಲ್ಲಿ ಫ್ರೆಂಚ್ ಪುರಾತತ್ತ್ವಜ್ಞರು 1937ರಲ್ಲಿಯೂ 1939ರಲ್ಲಿಯೂ ತೆರೆದ ಕೋಣೆಗಳಲ್ಲಿ, ಬಣ್ಣದ ಚಿತ್ರಗಳಿರುವ ಗಾಜಿನ ಪಾನಪಾತ್ರೆಗಳು ಇದ್ದವು. ಒಡೆಯುವ ಈ ಸರಕು ಸಮುದ್ರವನ್ನೂ ಬೆಟ್ಟಗಳನ್ನೂ ದಾಟಿ ಅಷ್ಟು ದೂರ ಹೋಗಿತ್ತೆಂಬುದು ಸಣ್ಣ ಮಾತಲ್ಲ.

ಅಗ್ಗವಾದ ವಸ್ತುವನ್ನು ಶ್ರೀಮಂತರು ಏನು ಮಾಡಿದರು? ಎಲ್ಲರಿಗೂ ಸಿಗುವ ಗಾಜಿನಿಂದಲೇ ಯಾರಿಗೂ ಸಿಗದಂಥದನ್ನು ಮಾಡಿಸಿಕೊಂಡರು. ನೀರೊ ಚಕ್ರವರ್ತಿಯ ಕಾಲದಲ್ಲಿ ಎರಡು ಸಣ್ಣ ಗಾಜಿನ ಬಟ್ಟಲುಗಳು 6,000 ಸೆಸ್ಟರ್ಸ್‌ಗೆ ಮಾರಾಟವಾದವೆಂದು ಪ್ಲಿನಿ ತಿಳಿಸುತ್ತಾನೆ. ಆಗ ರೋಮನ್ ಸೈನಿಕನೊಬ್ಬನ ವರ್ಷದ ಸಂಬಳ 900 ಸೆಸ್ಟರ್ಸ್. ಅಂದರೆ ಎರಡು ಬಟ್ಟಲುಗಳ ಬೆಲೆ ಸೈನಿಕನ ಆರು ವರ್ಷಗಳ ಸಂಬಳಕ್ಕಿಂತ ಹೆಚ್ಚು!

ಮುಂದಿನ ಶತಮಾನಗಳಲ್ಲಿ ಜಾಲರಿ ಬಟ್ಟಲುಗಳು ಬಂದವು. ದಪ್ಪ ಗೋಡೆಯ ಬಟ್ಟಲನ್ನು ತೆಗೆದುಕೊಂಡು, ಹೊರಮೈಯನ್ನು ತಿಂಗಳುಗಟ್ಟಲೆ ಕೊರೆದು, ಗಾಜಿನ ಒಂದು ಬಲೆ ಬಟ್ಟಲಿನ ಸುತ್ತ ತೇಲುತ್ತಿರುವಂತೆ ಮಾಡುತ್ತಿದ್ದರು. ಬಲೆಗೂ ಬಟ್ಟಲಿಗೂ ನಡುವೆ ಅಲ್ಲಲ್ಲಿ ಸಣ್ಣ ಸಣ್ಣ ಆಧಾರಗಳಷ್ಟೇ ಉಳಿದಿರುತ್ತವೆ. 1960ರಲ್ಲಿ ಜರ್ಮನಿಯ ಕಲೋನ್ ನಗರದಲ್ಲಿ ಸಿಕ್ಕ ಅಂಥ ಒಂದು ಬಟ್ಟಲಿನ ಮೇಲೆ, ಕುಡಿ, ಸದಾ ಚೆನ್ನಾಗಿ ಬಾಳು ಎಂಬ ಅರ್ಥದ ಗ್ರೀಕ್ ಅಕ್ಷರಗಳಿವೆ. ಆ ಅಕ್ಷರಗಳನ್ನೂ ಅದೇ ಗಾಜಿನಿಂದ ಕೊರೆದು ಬಿಡಿಸಲಾಗಿದೆ.

ಕೊರೆಯುವಾಗ ಬಟ್ಟಲು ಒಡೆದರೆ ನಷ್ಟ ಯಾರದು? ಕ್ರಿ.ಶ. ಮೂರನೆಯ ಶತಮಾನದ ನ್ಯಾಯಶಾಸ್ತ್ರಜ್ಞ ಅಲ್ಪಿಯನ್ ಈ ಪ್ರಶ್ನೆಯನ್ನೇ ಎತ್ತಿಕೊಂಡಿದ್ದಾನೆ. ಕೊರೆಯುವವನ ಕೈ ನೇರ್ಪಿಲ್ಲದೆ ಒಡೆದಿದ್ದರೆ ಅವನೇ ಹೊಣೆ. ಗಾಜಿನಲ್ಲಿ ಮೊದಲೇ ಬಿರುಕಿದ್ದರೆ ಅವನು ಹೊಣೆಯಲ್ಲ. ಆದ್ದರಿಂದಲೇ ಕುಶಲಕರ್ಮಿಗಳು, ನಷ್ಟವಾದರೆ ತಮ್ಮ ಮೇಲೆ ಬರಬಾರದೆಂದು ಮೊದಲೇ ಕರಾರು ಮಾಡಿಕೊಳ್ಳುತ್ತಿದ್ದರು ಎಂದೂ ಅವನು ಹೇಳುತ್ತಾನೆ. ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿರುವ ಬಟ್ಟಲು ನಮಗೆ ಅದರ ಚೆಲುವನ್ನು ಮಾತ್ರ ತೋರಿಸುತ್ತದೆ. ಅದನ್ನು ಕೊರೆಯುತ್ತಿದ್ದವನು ಎಂಥ ಆತಂಕದಲ್ಲಿ ಕೆಲಸ ಮಾಡುತ್ತಿದ್ದನೆಂಬುದನ್ನು ಈ ಕಾನೂನಿನ ಮಾತು ಹೇಳುತ್ತದೆ.

ಇಂಥ ಬಟ್ಟಲುಗಳಲ್ಲಿ ಜಗತ್ಪ್ರಸಿದ್ಧವಾದದ್ದು ಲೈಕರ್ಗಸ್ ಬಟ್ಟಲು. ನಾಲ್ಕನೆಯ ಶತಮಾನದ ಇದನ್ನು ಬ್ರಿಟಿಷ್ ಮ್ಯೂಸಿಯಂ 1958ರಲ್ಲಿ ಕೊಂಡಿತು. ಮದ್ಯದ ದೇವತೆ ಡಯೊನೈಸಸ್‌ನನ್ನು ಎದುರು ಹಾಕಿಕೊಂಡ ಲೈಕರ್ಗಸ್ ಎಂಬ ರಾಜ ದ್ರಾಕ್ಷಿಬಳ್ಳಿಗಳಲ್ಲಿ ಸಿಕ್ಕಿಬಿದ್ದಿರುವ ದೃಶ್ಯ ಅದರ ಮೇಲಿದೆ. ಬೆಳಕು ಮುಂದಿನಿಂದ ಬಿದ್ದರೆ ಬಟ್ಟಲು ಹಸಿರು. ದೀಪವನ್ನು ಒಳಗಿಟ್ಟರೆ ಅದೇ ಬಟ್ಟಲು ಕೆಂಪು! 1990ರಲ್ಲಿ ಪ್ರಕಟವಾದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಅಧ್ಯಯನ ಇದರ ಗುಟ್ಟನ್ನು ಬಿಡಿಸಿತು. ಗಾಜಿನಲ್ಲಿ ಬೆಳ್ಳಿ ಮತ್ತು ಚಿನ್ನದ ಅತಿ ಸೂಕ್ಷ್ಮ ಕಣಗಳಿವೆ. ಒಂದೊಂದು ಕಣವೂ ಒಂದು ಮಿಲಿಮೀಟರನ್ನು ಹತ್ತು ಸಾವಿರ ಪಾಲು ಮಾಡಿದರೆ ಬರುವ ಒಂದು ಪಾಲಿಗಿಂತ ಚಿಕ್ಕದು. ಹತ್ತು ಲಕ್ಷ ಭಾಗ ಗಾಜಿನಲ್ಲಿ ಚಿನ್ನ ಇರುವುದು ಸುಮಾರು 40 ಭಾಗ ಮಾತ್ರ. ಈ ಕಣಗಳು ಹಸಿರು ಬೆಳಕನ್ನು ಚದುರಿಸಿ ಕೆಂಪು ಬೆಳಕನ್ನು ಒಳಗಿನಿಂದ ಹಾಯಗೊಡುತ್ತವೆ. ಇಂದು ನಾವು ನ್ಯಾನೊ ತಂತ್ರಜ್ಞಾನವೆನ್ನುವ ಕ್ಷೇತ್ರದ ಒಂದು ಪರಿಣಾಮ ಆ ಕುಶಲಕರ್ಮಿಯ ಕೈಗೆ ಅನುಭವದಿಂದಲೇ ದಕ್ಕಿತ್ತು.

ಇನ್ನು ಭಯದ ವಿಷಯ. ರೋಮಿನಲ್ಲಿ ಒಂದು ಕಥೆ ಬಾಯಿಂದ ಬಾಯಿಗೆ ಹರಿದಾಡುತ್ತಿತ್ತು. ಟೈಬೀರಿಯಸ್ ಚಕ್ರವರ್ತಿಯ ಬಳಿಗೆ ಕುಶಲಕರ್ಮಿಯೊಬ್ಬ ಒಂದು ಗಾಜಿನ ಪಾತ್ರೆಯನ್ನು ತಂದನಂತೆ. ಅದನ್ನು ನೆಲಕ್ಕೆ ಎಸೆದರೆ ಒಡೆಯಲಿಲ್ಲ. ಕಂಚಿನ ಪಾತ್ರೆಯಂತೆ ನೆಗ್ಗಿತು. ಕುಶಲಕರ್ಮಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೆಗ್ಗನ್ನು ಸರಿಪಡಿಸಿದ. ಈ ವಿದ್ಯೆ ಬೇರೆ ಯಾರಿಗಾದರೂ ಗೊತ್ತೇ ಎಂದು ಚಕ್ರವರ್ತಿ ಕೇಳಿದ. ಇಲ್ಲ ಎಂದ. ಬಹುಮಾನದ ನಿರೀಕ್ಷೆಯಲ್ಲಿ ನಿಂತಿದ್ದವನ ತಲೆ ಹೋಯಿತು. ಈ ವಿದ್ಯೆ ಹರಡಿದರೆ ಚಿನ್ನಕ್ಕೆ ಮಣ್ಣಿನ ಬೆಲೆ ಬಂದೀತೆಂಬುದು ಚಕ್ರವರ್ತಿಯ ಅಂಜಿಕೆ. ಪೆಟ್ರೋನಿಯಸ್ ಹೇಳುವ ಕಥೆ ಇದು. ಪ್ಲಿನಿಯ ಪ್ರಕಾರ ಕಾರ್ಖಾನೆಯನ್ನು ನಾಶ ಮಾಡಿಸಿದರು. ಆದರೆ ಈ ಕಥೆ ಜನರ ಬಾಯಲ್ಲಿ ಓಡಾಡಿದಷ್ಟು ನಂಬಿಕೆಗೆ ಅರ್ಹವಲ್ಲ ಎಂದೂ ಅವನೇ ಎಚ್ಚರಿಸುತ್ತಾನೆ.

ಈ ಟೈಬೀರಿಯಸ್ ನಮಗೆ ತೀರ ಅಪರಿಚಿತನಲ್ಲ. ಕ್ರಿ.ಶ. 14ರಿಂದ 37ರವರೆಗೆ ಆಳಿದ ಅವನ ಬೆಳ್ಳಿಯ ನಾಣ್ಯ ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ದೊರೆತಿದೆ. ನಾಣ್ಯದ ಮೇಲಿನ ಆ ಮುಖಕ್ಕೆ ಗಾಜಿನ ಬಗ್ಗೆ ನಿಜವಾಗಿ ಭಯವಿತ್ತೋ ಇಲ್ಲವೋ ಹೇಳಲಾಗದು. ಆದರೆ ಕಥೆಯನ್ನು ಕಟ್ಟಿದ ಜನರಿಗೆ ಒಂದು ಮಾತು ಚೆನ್ನಾಗಿ ಅರ್ಥವಾಗಿತ್ತು: ಎಲ್ಲರಿಗೂ ಎಟುಕುವಂಥ ಒಳ್ಳೆಯ ವಸ್ತು ಹುಟ್ಟಿದರೆ, ಕೆಲವರಿಗೆ ಮಾತ್ರ ಎಟುಕುವ ವಸ್ತುವಿನ ಮಹಿಮೆ ಕುಗ್ಗುತ್ತದೆ, ಅದನ್ನು ಎಲ್ಲ ದೊರೆಗಳೂ ಸಹಿಸುವುದಿಲ್ಲ.

ಒಡೆಯದ ಗಾಜು ಕಥೆಯಲ್ಲಿಯೇ ಉಳಿಯಿತು. ನಿಜವಾದ ಗಾಜು ಒಡೆಯುತ್ತಲೇ ಇತ್ತು. ಒಡೆದದ್ದನ್ನು ರೋಮನ್ನರು ವ್ಯರ್ಥ ಮಾಡಲಿಲ್ಲ. ಗಾಜಿನ ಚೂರುಗಳನ್ನು ಪಡೆದುಕೊಂಡು ಬದಲಿಗೆ ಗಂಧಕದ ಕಡ್ಡಿ ಕೊಡುತ್ತ ಬೀದಿ ತಿರುಗುವ ವ್ಯಾಪಾರಿಯನ್ನು ಕವಿ ಮಾರ್ಷಲ್ ತನ್ನ ಪದ್ಯವೊಂದರಲ್ಲಿ ತಂದಿದ್ದಾನೆ. ನಮ್ಮ ಬೀದಿಗಳಲ್ಲಿ ಹಳೆಯ ಪೇಪರು, ಖಾಲಿ ಬಾಟಲಿ ಎಂದು ಕೂಗುತ್ತ ಬರುವ ಗುಜರಿಯವರ ಹಳೆಯ ನೆಂಟ ಇವನು! ಇಟಲಿಯ ಗ್ರಾಡೊ ಎಂಬ ಊರಿನ ಬಳಿ ಸಮುದ್ರದಲ್ಲಿ 1986ರಲ್ಲಿ ಪತ್ತೆಯಾದ, ಎರಡನೆಯ ಶತಮಾನದ ಹಡಗೊಂದರಲ್ಲಿ ಮರದ ಪೀಪಾಯಿಯ ತುಂಬ ಒಡೆದ ಗಾಜಿತ್ತು. ಮತ್ತೆ ಕರಗಿಸಲೆಂದೇ ಅದನ್ನು ಸಾಗಿಸುತ್ತಿದ್ದರು. ಹೀಗೆ ಒಂದು ಕಾಸಿನ ಬಟ್ಟಲುಗಳು ಒಡೆದು, ಕರಗಿ, ಮತ್ತೆ ಬಟ್ಟಲುಗಳಾಗಿ, ಕೊನೆಗೆ ಗುರುತಿಲ್ಲದೆ ಹೋದವು. ಇಡಿಯಾಗಿ ಇಂದು ಉಳಿದಿರುವ ಬಹುಪಾಲು ಪಾತ್ರೆಗಳು ಸತ್ತವರ ಜೊತೆಗೆ ಗೋರಿಗಳಲ್ಲಿ ಇಟ್ಟಂಥವು. ಅವುಗಳ ಮೇಲೆ ಕಾಣುವ ಕಾಮನಬಿಲ್ಲಿನ ಹೊಳಪನ್ನು ಮಾಡಿದವನು ಹಾಕಿದ್ದಲ್ಲ. ಮಣ್ಣಿನ ತೇವದಲ್ಲಿ ಗಾಜಿನ ಮೇಲ್ಪದರ ಸವೆದು ಬಂದದ್ದು.

ಮಿತ್ರರೇ, ಈಗ ಭಾಷಣದ ಆರಂಭಕ್ಕೆ ಮರಳೋಣ. ಇತಿಹಾಸದ ಪುಸ್ತಕಗಳಲ್ಲಿ ಲೈಕರ್ಗಸ್ ಬಟ್ಟಲಿನ ಬಣ್ಣದ ಚಿತ್ರವಿರುತ್ತದೆ. ಅದು ಇರಬೇಕಾದದ್ದೇ, ಅದನ್ನು ಮಾಡಿದ ಕೈಗೆ ನಾವು ತಲೆಬಾಗಲೇಬೇಕು. ಆದರೆ ನನ್ನನ್ನು ಕೇಳಿದರೆ, ರೋಮನ್ ಗಾಜಿನ ದೊಡ್ಡ ಸಾಧನೆ ತಾಮ್ರದ ಕಾಸಿನ ಆ ಬಟ್ಟಲು. ಲೈಕರ್ಗಸ್ ಬಟ್ಟಲಿನಲ್ಲಿ ಕುಡಿದವರು ಬೆರಳೆಣಿಕೆಯ ಜನ. ಕಾಸಿನ ಬಟ್ಟಲಿನಲ್ಲಿ ಬಂದರಿನ ಹಮಾಲಿ ಕುಡಿದ, ಸೈನಿಕ ಕುಡಿದ, ಅಂಗಡಿಯ ಆಳು ಕುಡಿದ. ಅವರಿಗೆಲ್ಲ ಶುಚಿಯಾದ, ವಾಸನೆಯಿಲ್ಲದ, ಬೆಳಕು ಹಾಯುವ ಒಂದು ಪಾತ್ರೆ ಸಿಕ್ಕಿತು. ಅದನ್ನು ಕೊಟ್ಟವರು ಚಕ್ರವರ್ತಿಗಳಲ್ಲ. ಜೆರೂಸಲೆಮಿನ ಕಸದ ರಾಶಿಯ ಹಿಂದಿದ್ದ ಹೆಸರಿಲ್ಲದ ಕೆಲಸಗಾರರು ಮತ್ತು ಅವರಿಂದ ಊರೂರಿಗೆ ಕೈಯಿಂದ ಕೈಗೆ ಕಲಿತುಕೊಂಡು ಹೋದವರು.

ಮುಂದೆ ನೀವು ಎಂದಾದರೂ ವಸ್ತುಸಂಗ್ರಹಾಲಯಕ್ಕೆ ಹೋದಾಗ, ನಡುವೆ ದೀಪದ ಬೆಳಕಿನಲ್ಲಿರಿಸಿದ ಅಪೂರ್ವ ವಸ್ತುವನ್ನು ಕಣ್ತುಂಬ ನೋಡಿ. ಆಮೇಲೆ ಮೂಲೆಯ ಕಪಾಟಿನಲ್ಲಿ, ಚೀಟಿಯೂ ಸರಿಯಾಗಿ ಕಾಣದ ಕಡೆ, ಸಾಲಾಗಿ ಇಟ್ಟಿರುವ ಸಾದಾ ಪಾತ್ರೆಗಳ ಮುಂದೆಯೂ ಎರಡು ನಿಮಿಷ ನಿಲ್ಲಿ. ಇದನ್ನು ಮಾಡಿದವರು ಯಾರು, ಬಳಸಿದವರು ಯಾರು, ಇದರ ಬೆಲೆ ಎಷ್ಟಿತ್ತು ಎಂದು ಕೇಳಿಕೊಳ್ಳಿ. ಇತಿಹಾಸದ ಓದು ಅಲ್ಲಿಂದಲೂ ಆರಂಭವಾಗಬಹುದು.